ಬಯಕೆಗೆ ಬರುವ ಮಲ್ಲಿಗೆ

ಘಣಸೋಲಿ,
20 ಫೆಬ್ರವರಿ 2025

ಪ್ರೀತಿಯ ಜಯಕ್ಕ,

ಲತೀಶ್ ಮಾಮನ ನರ್ಸರಿಗೆ ಸರಕಾರದವರನ್ನು ಕರೆಸಿದ್ದು ನಾನು. ದೀಪಾವಳಿ ಕಳೆದಾಗಿನಿಂದ ಇದನ್ನು ಯಾರಿಗೂ ಹೇಳಿಲ್ಲ. ಸುಳ್ಳನ್ನೂ ಹೇಳಿಲ್ಲ, ಯಾರೂ ನನ್ನನ್ನು ಕೇಳಲಿಲ್ಲ ಅಷ್ಟೇ. ಮಾಮ ಕೆಲಸದ ಸಮಿತ್‌ನ ಮೇಲೆ ಸಂಶಯಪಟ್ಟು ಅವನನ್ನು ಕೆಲಸದಿಂದ ಬಿಡಿಸಿದರು. ಆಮೇಲೆ ಎದುರಿನ ನರ್ಸರಿಯವನ ಮೇಲೆ ಕಣ್ಣಿಟ್ಟರು. ಶಾಲೆ ಬಿಟ್ಟು ತಮ್ಮ ಗಿಡಗಳಿಗೆ ನೀರು ಹಾಕುತ್ತಿರುವ ಅಕ್ಕನ ಮಗಳು ಹೀಗೆ ಮಾಡಿಯಾಳು ಎಂದು ಅವರಿಗೆ ಹೊಳೆಯಲೇ ಇಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿ ಹೂ ಕಟ್ಟುತ್ತ ಕೂರುತ್ತೀಯ, ಪಕ್ಕದಲ್ಲಿ ನಿನ್ನ ಅತ್ತೆ. ಅದಕ್ಕೇ ಈ ಪತ್ರ. ನಿನ್ನ ಮೈದುನ ವಿಕಾಸ್ ಇವತ್ತು ಥಾಣೆಯಿಂದ ಊರಿನ ಬಸ್ಸು ಹಿಡಿಯುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ನಿನ್ನ ಬಯಕೆ ಶಾಸ್ತ್ರಕ್ಕೆ ಅಮ್ಮ, ಮಾಮ, ನಾನು ರೈಲು ಹತ್ತುವುದು ನಾಳೆ. ನಾವು ಬರುವ ಮೊದಲು ನೀನು ಇದನ್ನು ಓದಿರಬೇಕು.

ಆಗ ಮಾಮ ಹೊರದೇಶದ ಬಣ್ಣದೆಲೆಯ ಗಿಡಗಳನ್ನು ತರಿಸಿದ್ದರು. ಅಂಥವು ಬಂದರಿನಲ್ಲಿ ತಪಾಸಣೆಯಾಗಿ, ಕಾಗದದ ಜೊತೆ ಬರಬೇಕಂತೆ. ಇವು ತರಕಾರಿ ಟೆಂಪೋದಲ್ಲಿ ಬಂದವು. ವಾರ ಕಳೆಯುವಷ್ಟರಲ್ಲಿ ಎಲೆಯ ಅಡಿಯಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಹುಳ. ನಮ್ಮಲ್ಲಿ ಬರುವ ಹಿಟ್ಟು ತಿಗಣೆ ನನಗೆ ಗೊತ್ತು, ಇದು ಹಾಗಿರಲಿಲ್ಲ. ಮಾಮನಿಗೆ ತೋರಿಸಿದೆ. "ಸೋಪಿನ ನೀರು ಹೊಡಿ, ಗಿರಾಕಿಗೆ ತೋರಿಸಬೇಡ" ಎಂದರು. ನಾನು ಕೃಷಿ ಇಲಾಖೆಗೆ ಫೋನ್ ಮಾಡಿದೆ.

ಸರಕಾರದವರನ್ನು ನಾನೂ ನಂಬಿರಲಿಲ್ಲ. ಚಹಾ ಕುಡಿದು ಕಿಸೆ ತುಂಬಿಸಿಕೊಂಡು ಹೋಗುತ್ತಾರೆ ಎಂದೇ ಕಾಯುತ್ತಿದ್ದೆ. ಜೊತೆಗೆ ಬಂದವನೊಬ್ಬ ಮನೆಗೊಂದು ತುಳಸಿ ಕೇಳಿಯೂ ಬಿಟ್ಟ. ತಪಾಸಣೆಗೆ ಬಂದ ಅಧಿಕಾರಿ ಮುಕ್ತಾ ಮೇಡಂ, "ಅರೇ, ಇಲ್ಲಿಂದ ಎಲೆ ಕೂಡ ಹೊರಗೆ ಹೋಗಬಾರದು ಅಂತ ನೋಟಿಸು ಅಂಟಿಸೋದು ನಾವೇ, ಒಯ್ಯೋದೂ ನಾವೇನಾ?" ಎಂದು ಗದರಿದರು. ಹೊರಡುವಾಗ ಗೇಟಿನ ಹತ್ತಿರ ಕೂತು ತಮ್ಮ ಚಪ್ಪಲಿಯ ಅಡಿಯ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ ತೆಗೆದರು. ಯಾರಿಗೂ ತೋರಿಸಲಿಕ್ಕಲ್ಲ. ಅವತ್ತು ನನ್ನ ಸಂಶಯ ಅವರನ್ನು ಬಿಟ್ಟು ನಮ್ಮವರ ಕಡೆಗೆ ತಿರುಗಿತು.

ಪರೀಕ್ಷೆಯಲ್ಲಿ ಅದು ಹೊರಗಿನ ಹುಳವೇ ಎಂದು ಬಂತು. ಗಿಡಗಳನ್ನೆಲ್ಲ ಸುಟ್ಟರು. ಒಂದಾದರೂ ಹೊರಗೆ ಹೋಗಿದೆಯೇ ಎಂದು ಮೇಡಂ ಕೇಳಿದಾಗ ಮಾಮ ದೈವದಾಣೆ ಇಲ್ಲ ಎಂದರು. ನಾನೂ ಹಾಗೇ ತಿಳಿದಿದ್ದೆ. ಮನೆಗೆ ಬಂದು ನೋಡಿದರೆ ಅಡುಗೆಮನೆಯ ಕಿಟಕಿಯ ಗ್ರಿಲ್‌ನಲ್ಲಿ ಅಮ್ಮನ ಮಲ್ಲಿಗೆಯ ಕುಂಡ. ಬಿಲ್ಡಿಂಗಿಗೆ ಬಣ್ಣ ಹೊಡೆಯುವಾಗ ಅದನ್ನು ನರ್ಸರಿಯಲ್ಲಿ ಇಟ್ಟಿದ್ದೆವು. ಅವತ್ತು ಬೆಳಿಗ್ಗೆ, ಸುಡುವವರು ಬರುವ ಮೊದಲೇ ಮಾಮ ಗೋಣಿ ಮುಚ್ಚಿ ಸ್ಕೂಟರಿನಲ್ಲಿ ತಂದುಬಿಟ್ಟಿದ್ದರು.

ಅಮ್ಮನನ್ನು ಕೇಳಿದೆ. "ಅದು ಫಾರಿನ್ ಗಿಡ ಅಲ್ಲ ಮಾರಾಯ್ತಿ, ನಾನೇ ಊರಿಂದ ತಂದದ್ದು. ಊರಿನ ಗಿಡ ಊರಿಗೆ ಹೋಗ್ಲಿಕ್ಕೆ ಯಾರ ಪರ್ಮಿಷನ್?" ಎಂದಳು. ಬಯಕೆಗೆ ತವರಿನಿಂದ ಮಲ್ಲಿಗೆಯ ಗಿಡ ಬರಬೇಕು, ಬಸುರಿ ತನ್ನ ಕೈಯಿಂದಲೇ ನೆಡಬೇಕು. ಅಜ್ಜಿಯ ಕಾಲದಿಂದ ನಮ್ಮಲ್ಲಿ ನಡೆದು ಬಂದದ್ದು. ಹಾಗೆಂದು ನಿನಗೋಸ್ಕರ ಇಟ್ಟಿದ್ದಾಳೆ.

ಆದರೆ ಈಗ ಅವಳು ನನ್ನನ್ನು ಆ ಕಿಟಕಿಯ ಹತ್ತಿರ ಬಿಡುವುದಿಲ್ಲ. ಮೊನ್ನೆ ಒಂದು ಗೆಲ್ಲು ಕತ್ತರಿಸಿ ಪೇಪರಿನಲ್ಲಿ ಸುತ್ತಿ ಬಿಸಾಡಿದಳು. ಒಣಗಿತ್ತು ಎಂದಳು. ಕಸದಿಂದ ತೆಗೆದು ನೋಡಿದೆ, ಹಸಿರಾಗಿಯೇ ಇತ್ತು. ನಿನ್ನೆ ಅವಳು ಹಾಲು ತರಲು ಹೋದಾಗ ಎಲೆ ಮಗುಚಿದೆ. ಎಲೆಯ ಬುಡದಲ್ಲಿ ಬೆಳ್ಳಗೆ ಅಂಟಿಕೊಂಡಿತ್ತು. ಅದೇ ಹುಳವೋ ಅಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಬರೆಯುವುದಿಲ್ಲ. ಆದರೆ ನನಗಿರುವ ಸಂಶಯವೇ ಅಮ್ಮನಿಗೂ ಇದೆ. ಇಲ್ಲದಿದ್ದರೆ ಹಸಿರು ಗೆಲ್ಲು ಕಸಕ್ಕೆ ಯಾಕೆ ಹೋಗುತ್ತದೆ?

ಅಕ್ಕ, ಆ ಮನೆಯಲ್ಲಿ ನಿನ್ನದು ಎಂದು ಇರುವುದು ಮಲ್ಲಿಗೆ ತೋಟ ಒಂದೇ. ಅದು ಹೂವು ಕೊಡತೊಡಗಿದ ಮೇಲೆಯೇ ಅವರು ನಿನ್ನನ್ನು ಏನಾದರೂ ಕೇಳಿ ಮಾಡಲು ಶುರು ಮಾಡಿದ್ದು. ಕುಂಡವನ್ನು ಅಂಗಳ ದಾಟಲು ಬಿಡಬೇಡ. ಗೋಣಿ ಬಿಚ್ಚಲೂ ಬಿಡಬೇಡ. ಹಾಗೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟು ಅಲ್ಲಿಯ ತೋಟಗಾರಿಕೆಯವರನ್ನು ಕರೆಸು. ತವರಿನ ಗಿಡವನ್ನು ಬೇಡವೆಂದರೆ ನಿನ್ನ ಅತ್ತೆ ಏನೆನ್ನುತ್ತಾರೆ ಎಂದು ನನಗೆ ಗೊತ್ತು. ತಂಗಿ ಬೇಡವೆಂದಳು ಎನ್ನು. ನನ್ನ ಹೆಸರು ಹಾಳಾದರೆ ಯಾರ ತೋಟವೂ ಒಣಗುವುದಿಲ್ಲ.

ಒಂದು ಸಂಶಯ ನಿನ್ನ ಮೇಲೂ ಇದೆ. ಓದಿ, ಮಡಚಿ, ಅಮ್ಮನಿಗೆ ಬೇಸರವಾಗುತ್ತದೆ ಎಂದು ಸುಮ್ಮನೆ ನೆಟ್ಟುಬಿಡುತ್ತೀಯೇನೋ. ಹಾಗೆ ಮಾಡಬೇಡ.

ನಿನ್ನ ತಂಗಿ,
ಪ್ರೇಕ್ಷಾ

ಮರೆತ ಮಾತಲ್ಲ, ಈಗ ನಡೆದದ್ದು: ಕವರಿಗೆ ಹಾಕುವಾಗ ಅಮ್ಮ ಬಂದು ಯಾರಿಗೆ ಬರೆದದ್ದು, ಏನು ಬರೆದದ್ದು ಎಂದು ಕೇಳಿದಳು. ಕೇಳಿದಳಲ್ಲ, ಹೇಳಿದೆ. ನರ್ಸರಿಗೆ ಸರಕಾರದವರನ್ನು ಕರೆಸಿದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. "ನಿನ್ನ ಮುಖ ನೋಡಿಕೊಂಡು ನನ್ನ ತಮ್ಮ ಈ ಮನೆಯಲ್ಲಿ ಊಟ ಮಾಡಲಾರ" ಎಂದಳು ಅಷ್ಟೇ. ನನ್ನ ಟಿಕೇಟಿನ ಜಾಗದಲ್ಲಿ ಬ್ಯಾಗು ಇಡುತ್ತಾರಂತೆ. ಕುಂಡ ಬಾಗಿಲ ಹತ್ತಿರ ಗೋಣಿಯಲ್ಲಿ ಹಾಗೇ ಇದೆ, ಅದು ಬರುತ್ತದೆ. ಅಂಬರನಾಥದಲ್ಲಿ, ನರ್ಸರಿಗೆ ಕೆಲಸಕ್ಕೆ ಬರುತ್ತಿದ್ದ ಚಂದ್ರಬಾಯಿಯ ಬಾಡಿಗೆ ಖೋಲಿಯಲ್ಲಿ ಒಬ್ಬಳಿಗೆ ಜಾಗ ಇದೆಯಂತೆ. ನಾನೂ ನಾಳೆ ಹೊರಡುತ್ತೇನೆ, ಅಲ್ಲಿಗೆ.