ಗೊನೆ ಪೂರ್ತಿ ಕಾಣುವ ದುರ್ಬೀನು

ಚಿಕ್ಕೋಡಿ
೨೩ ನವೆಂಬರ್ ೨೦೨೫, ರವಿವಾರ

ಪ್ರೀತಿಯ ದಾದಾ,

ಹೇಗಿದ್ದೀ? ಮೊಣಕಾಲಿನ ನೋವು ಕಡಿಮೆಯಾಯಿತೇ? ಇಲ್ಲಿ ಚಳಿ ಬಿದ್ದಿದೆ, ಅಲ್ಲಿಯೂ ಬಿದ್ದಿರುತ್ತದೆ. ಶ್ರಾವಣದಲ್ಲಿ ತಂದುಕೊಟ್ಟ ಸ್ವೆಟರನ್ನು ನೀನೇ ಹಾಕಿಕೋ, ಬರಾಕಿನಲ್ಲಿ ಇನ್ಯಾರಿಗೋ ಕೊಟ್ಟು ನಡುಗುತ್ತ ಕೂಡಬೇಡ. ಅವ್ವ ಶೇಡಬಾಳದಲ್ಲಿ ಆರಾಮಿದ್ದಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳ ಕಾಟ ಹೆಚ್ಚಾಗಿದೆ. ಅಡುಗೆಮನೆಯ ಮೂಲೆಯ ಜೇಡರಬಲೆ ಈಗ ಕಾಣಿಸುತ್ತಿದೆಯಂತೆ, ಅತ್ತೆಯಿಂದ ವೈನಿಗೆ ದಿನವೂ ಅದೇ ಮಾತು. ಈ ಪತ್ರವನ್ನು ನಿನಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ಮುಂದೆ ಕೊಳವೆ, ಗಾಜು, ಮೂರು ಕಾಲಿನ ಸ್ಟ್ಯಾಂಡು ಎಂದೆಲ್ಲ ಬರುತ್ತದೆ. ಗಾಬರಿಯಾಗಬೇಡಿರಿ ಸಾಹೇಬರೇ, ಎಲ್ಲವೂ ಆಕಾಶದ ಚುಕ್ಕಿ ನೋಡುವ ಸಾಮಾನು.

ಹೌದು ದಾದಾ, ನಾನೊಂದು ದುರ್ಬೀನು ಕೊಂಡಿದ್ದೇನೆ. ಕಾಲೇಜಿನಲ್ಲಿ ಎಲ್ಲರೂ ನಕ್ಕರು, ಕವಿತೆ ಪಾಠ ಮಾಡುವ ಮೇಡಮ್ಮಿಗೆ ಇದೇನು ಹುಚ್ಚು ಎಂದು. ಹುಚ್ಚು ಹತ್ತಿಸಿದವನು ನೀನು. ಶ್ರಾವಣದ ಭೇಟಿಯಲ್ಲಿ ಜಾಳಿಗೆಯ ಆಚೆ ಕುಳಿತು ಒಂದು ಮಾತು ಹೇಳಿದೆ, ನೆನಪಿದೆಯೇ? "ಹೊತ್ತು ಮುಳುಗೂದ್ರಾಗ ಒಳಗ ಹಾಕಿ ಕೀಲಿ ಹಾಕ್ತಾರ ಕೋಮಲಾ. ಕಿಟಕಿ ಸರಳಿನ ನಡುವ ಒಂದ ಚುಕ್ಕಿ ಕಾಣತೈತಿ. ಅದು ಯಾವ ಚುಕ್ಕಿ ಅಂತ ತಿಳಿಯಂಗಿಲ್ಲ. ಸುತ್ತಮುತ್ತ ಏನೂ ಕಾಣಂಗಿಲ್ಲಲಾ." ನೀನು ನಗುತ್ತಲೇ ಹೇಳಿದೆ. ನಾನು ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದೆ.

ಅಂದು ಬಸ್ಸಿನಲ್ಲಿ ನನಗೆ ನೆನಪಾದದ್ದು ಅಪ್ಪನ ಖಾಲಿ ಚಕ್ಕಡಿ. ಕಾರ್ಖಾನೆಗೆ ಕಬ್ಬು ಇಳಿಸಿ ಸಂಜೆ ಮರಳುವಾಗ ನಾವಿಬ್ಬರೂ ಉಳಿದ ರವದಿಯ ಮೇಲೆ ಅಂಗಾತ ಮಲಗಿರುತ್ತಿದ್ದೆವು. ಅಪ್ಪ ಮುಂದೆ ಕುಳಿತು ತೂಕಡಿಸುತ್ತಿದ್ದ, ಎತ್ತುಗಳಿಗೆ ಮನೆಯ ದಾರಿ ಗೊತ್ತಿತ್ತು. ನನ್ನ ಬೆನ್ನಿಗೆ ಆ ಒಣಗಿದ ಕಬ್ಬಿನೆಲೆ ಚುಚ್ಚುತ್ತಿತ್ತು, ನಿನ್ನ ಅಂಗಿಗೆ ಬೆಲ್ಲದ ವಾಸನೆ ಇರುತ್ತಿತ್ತು. ನಾನು ಒಂದು ಚುಕ್ಕಿಗೆ ಬೆರಳು ಮಾಡಿ ಹೆಸರು ಕೇಳಿದರೆ ನೀನು ಬೈಯುತ್ತಿದ್ದೆ: "ಒಂದಕ್ಕ ಬೆರಳ ಮಾಡಬ್ಯಾಡಲೇ, ಎಲ್ಲಾ ಕೂಡಿಸಿ ನೋಡು." ಅಪ್ಪ ಆ ವರ್ಷವೇ ದ್ರಾಕ್ಷಿ ಹಚ್ಚಿದ್ದ. ಕೃತ್ತಿಕೆಯ ಗುಂಪಿಗೆ ನೀನು ಗೊನೆ ಎಂದು ಹೆಸರಿಟ್ಟೆ. ನಾನು ಎಂ.ಎ. ಮುಗಿಸಿ ನಕ್ಷತ್ರಗಳ ಶಾಸ್ತ್ರೀಯ ಹೆಸರುಗಳನ್ನೆಲ್ಲ ಕಲಿತರೂ ಅದು ನನಗೆ ಗೊನೆಯಾಗಿಯೇ ಉಳಿಯಿತು.

ದಸರೆಯ ರಜೆಯಲ್ಲಿ ವೈನಿಯನ್ನು ಕರೆದುಕೊಂಡು ನಿಪ್ಪಾಣಿಯಿಂದ ಪುಣೆಯ ಬಸ್ಸು ಹತ್ತಿದೆ. ಅಂಗಡಿಯವನು ಒಳ್ಳೆಯವನೇ, ಆದರೆ ದೊಡ್ಡದನ್ನೇ ಮಾರುವ ಹಟ. ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದೊಂದೇ ಅವನ ಮಾತು. ಸಂಜೆ ತನ್ನ ಮಾಳಿಗೆಗೆ ಕರೆದೊಯ್ದು ದೊಡ್ಡ ಕೊಳವೆಯಲ್ಲಿ ಅಭಿಜಿತ್ ನಕ್ಷತ್ರ ತೋರಿಸಿದ. ಕಪ್ಪು ಬಿಲ್ಲೆಯ ನಡುವೆ ಒಂದೇ ಒಂದು ಬೆಳಕು. ಅವನು ಬೇರೆ ಯಾವ ಹೆಸರು ಹೇಳಿದ್ದರೂ ನಾನು ನಂಬುತ್ತಿದ್ದೆ. ಸುತ್ತ ಏನೂ ಇರಲಿಲ್ಲ ದಾದಾ. ಅದು ನಿನ್ನ ಕಿಟಕಿ. ನಾನು ತಟ್ಟನೆ ಹಿಂದೆ ಸರಿದೆ.

ಆಮೇಲೆ ಮೂಲೆಯಲ್ಲಿದ್ದ ಗಿಡ್ಡ ದುರ್ಬೀನನ್ನು ನಾನೇ ಕೇಳಿ ಇಡಿಸಿದೆ. ಅದೇ ಅಭಿಜಿತ್, ಆದರೆ ಪಕ್ಕದಲ್ಲಿ ಒಂದು ಜೋಡಿ ಚುಕ್ಕಿ, ಅದರಾಚೆ ಎಳ್ಳು ಚೆಲ್ಲಿದಂತೆ ಸಣ್ಣವು. ಎಲ್ಲಿದ್ದೇನೆ ಎಂದು ಕಣ್ಣಿಗೆ ತಿಳಿಯಿತು. ಅಂಗಡಿಯವನು ಮಾತ್ರ ಇದು ಮಕ್ಕಳ ಆಟಕ್ಕೆ, ಇಪ್ಪತ್ತೇ ಪಟ್ಟು ಎಂದು ತಲೆಯಾಡಿಸಿದ. ಅಲ್ಲಿಯವರೆಗೆ ಸುಮ್ಮನಿದ್ದ ವೈನಿ ಸೆರಗು ಸರಿಮಾಡಿಕೊಂಡು ಮರಾಠಿಯಲ್ಲಿ ಹೇಳಿದಳು: "ಆಮ್ಹಾಲಾ ಘಡ ಪಾಹಿಜೆ, ಮಣಿ ನಕೊ." ನಮಗೆ ಗೊನೆ ಬೇಕು, ಬಿಡಿ ಕಾಳು ಬೇಡ ಎಂದು. ಮಾಲು ನೋಡಲು ಬಂದ ದಲಾಲಿಗೆ ಹೇಳುವ ಧ್ವನಿಯಲ್ಲೇ. ಅವನು ಗಿಡ್ಡದ್ದನ್ನೇ ಡಬ್ಬಿಗೆ ಹಾಕಿದ.

ಮುಂದಿನ ಗಾಜು ಎಂಬತ್ತು ಮಿಲಿಮೀಟರು. ಕೊಳವೆ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ, ಹೆಗಲ ಚೀಲದಲ್ಲಿ ಹಿಡಿಸುತ್ತದೆ. ಒಳಗೆ ಎರಡು ಗಾಜು ಜೋಡಿಸಿದ್ದಾರೆ, ಒಂದು ವಿಶೇಷ ಗಾಜಂತೆ. ಅದಿಲ್ಲದ ಅಗ್ಗದ್ದರಲ್ಲಿ ಹೊಳೆಯುವ ಚುಕ್ಕಿಯ ಸುತ್ತ ನೇರಳೆ ಬಣ್ಣದ ಅಂಚು ಬರುತ್ತದೆ. ಕಣ್ಣಿಡುವ ಗಾಜನ್ನು ಅಗಲ ನೋಟದ್ದೇ ಆರಿಸಿದೆ. ಆರು ಹುಣ್ಣಿಮೆ ಚಂದ್ರಗಳನ್ನು ಸಾಲಾಗಿ ಇಟ್ಟರೂ ನೋಟದಲ್ಲಿ ಹಿಡಿಸುತ್ತವೆ. ನೆತ್ತಿಯ ಮೇಲಿನದನ್ನು ನೋಡಲು ಕುತ್ತಿಗೆ ಮುರಿಯಬೇಕಿಲ್ಲ, ತುದಿಯಲ್ಲಿ ಓರೆಗನ್ನಡಿಯ ಡಬ್ಬಿ ಇದೆ, ಬಗ್ಗಿ ನೋಡಿದರಾಯಿತು. ನಿನ್ನ ಮೊಣಕಾಲಿಗೆಂದು ಕೂತು ನೋಡುವಷ್ಟು ಎತ್ತರಕ್ಕೆ ಸ್ಟ್ಯಾಂಡು ಇಳಿಸಿ ನೋಡಿದ್ದೇನೆ. ಗಾಳಿಗೆ ಅದು ಅಲುಗಾಡುತ್ತಿತ್ತು. ವೈನಿ ದ್ರಾಕ್ಷಿ ಒಣಗಿಸಿದ ಮಣೂಕ ತೂಗುವ ತಕ್ಕಡಿಯ ಐದು ಕಿಲೋ ಕಲ್ಲನ್ನು ಚೀಲದಲ್ಲಿ ಹಾಕಿ ಮೂರು ಕಾಲುಗಳ ನಡುವೆ ತೂಗುಬಿಟ್ಟಳು, ನಿಂತಿತು. ಬ್ಯಾಟರಿಗೆ ಕೆಂಪು ಹಾಳೆ ಸುತ್ತಿದ್ದೇವೆ, ಬಿಳಿ ಬೆಳಕು ಬಿದ್ದರೆ ಕತ್ತಲಿಗೆ ಹೊಂದಿದ ಕಣ್ಣು ಕೆಡುತ್ತದೆ.

ಇನ್ನು ಅವ್ವನ ಪ್ರತಾಪ ಕೇಳು. ದೀಪಾವಳಿಗೆ ಪಂಪು, ಔಷಧ ಹೊಡೆಯುವ ಯಂತ್ರಗಳ ಜೊತೆ ದುರ್ಬೀನನ್ನೂ ಪೂಜೆಗೆ ಇಟ್ಟಿದ್ದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮುಂದಿನ ಗಾಜಿನ ಮೇಲೆ ಮೂರು ಬೆರಳ ವಿಭೂತಿ. ನಾನು ಅಯ್ಯೋ ಎಂದರೆ, "ಹಣಿ ಎಲ್ಲೈತಿ ಅಂತ ಹುಡುಕಿ ಹಚ್ಚೀನಿ, ಏನ ಮಾಡಬೇಕಿತ್ತು? ಹಣಿಗಲ್ಲದ ಹಿಂದ ಹಚ್ಚತಾರೇನ?" ಎಂದು ನನಗೇ ತಿರುಗಿಬಿದ್ದಳು. ಅಂಗಡಿಯವನಿಗೆ ಫೋನು ಮಾಡಿ, ಅವನು ಹೇಳಿದಂತೆ ಊದಿ, ಒರೆಸಿ ತೆಗೆದೆ. ಅಂಚಿನಲ್ಲಿ ತುಸು ಮಸುಕು ಉಳಿಯಿತು. ಅದು ನೋಟದಲ್ಲಿ ಬರುವುದಿಲ್ಲ, ಬೆಳಕು ಗಾಜಿನ ಎಲ್ಲ ಕಡೆಯಿಂದಲೂ ಬಂದು ಕೂಡುತ್ತದೆ ಎಂದ. ನಿಜ, ಹುಡುಕಿದರೂ ಕಾಣಲಿಲ್ಲ.

ಮೊನ್ನೆ ಅಮವಾಸ್ಯೆ ಕಳೆದ ಮರುದಿನ ಸಂಜೆ ಶೇಡಬಾಳದ ನಮ್ಮ ಹೊಲದಲ್ಲಿ ಮಣೂಕದ ಶೆಡ್ಡಿನ ಪಕ್ಕ ಇಟ್ಟೆವು. ನಾವು ಚಕ್ಕಡಿಯಲ್ಲಿ ಕಂಡ ಕತ್ತಲು ಈಗ ಉಳಿದಿಲ್ಲ ದಾದಾ. ಒಂದು ಕಡೆ ಕಾರ್ಖಾನೆಯ ದೀಪ, ಇನ್ನೊಂದು ಕಡೆ ಮೀರಜಿನ ಬೆಳಕು. ಆದರೂ ಪೂರ್ವದಲ್ಲಿ ಗೊನೆ ಏರಿತ್ತು. ದುರ್ಬೀನಿನಲ್ಲಿ ಗೊನೆ ಪೂರ್ತಿ, ತೊಟ್ಟಿನ ಸಮೇತ, ಸುತ್ತ ಕತ್ತಲು ಉಳಿಸಿಕೊಂಡು ಕೂತಿತ್ತು. ಮೊದಲು ಅವ್ವನನ್ನು ಕೂಡಿಸಿದೆ. "ಇದರಾಗ ನನ್ನ ಮಗ ಬಸು ಕಾಣತಾನೇನ?" ಎಂದು ಕೇಳಿದ್ದಳು, ಡಬ್ಬಿ ಬಿಚ್ಚಿದ ದಿನ. ಈಗ ಹೊಸ ಕಣ್ಣಿನಿಂದ ಸುಮಾರು ಹೊತ್ತು ನೋಡಿದಳು. ಕೊನೆಗೆ, "ಅಂವಾ ಹೇಳತಿದ್ದ ಹಂಗ ಐತಿ," ಎಂದಳು. ವೈನಿ ಮಾತ್ರ ನೋಡಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. "ಅವರ ಬಂದಾಗ ನೋಡತೀನ್ರಿ," ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಿನಗೆ ದುರ್ಬೀನಿನ ಸುದ್ದಿ ಬರೆಯಲು ಕುಳಿತವಳು ಇಷ್ಟು ಉದ್ದ ಬರೆದದ್ದು ಆ ಒಂದು ಮಾತಿನಿಂದ.

ನಿನ್ನ ಮಗರಾಯ ಅಮಿತ ಧಾರವಾಡದಿಂದ ಫೋನು ಮಾಡಿದ್ದ, ಅಪ್ಪನಿಗೆ ನಮಸ್ಕಾರ ತಿಳಿಸು ಎಂದ. ಅವ್ವನ ಆಶೀರ್ವಾದ ಯಾವಾಗಲೂ ನಿನ್ನ ಮೇಲಿದೆ. ನಿನ್ನ ಪಾದಕ್ಕೆ ನನ್ನ ನಮಸ್ಕಾರಗಳು.

ನಿನ್ನ ತಂಗಿ,
ಕೋಮಲ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇದನ್ನು ಬರೆಯಲೇಬೇಕು. ಪೆರೋಲಿಗೆ ಈ ಸಲವೂ ಅವ್ವನ ಹೆಸರಿನಲ್ಲಿ ಅರ್ಜಿ ಹಾಕಿದ್ದೇನೆ. ಹೋದ ವರ್ಷ ನೀನು ಸಹಿ ಮಾಡದೆ ಮರಳಿಸಿದೆ, ರಾಮವ್ವನ ಮುಂದೆ ಹ್ಯಾಂಗ ಓಡಾಡಲಿ ಎಂದೆ. ನೀರಿನ ಪಾಳಿಯ ಜಗಳದಲ್ಲಿ ನೀನು ನೂಕಿದಾಗ ಬಾವಿಗೆ ಬಿದ್ದು ಸತ್ತವನು ಅವಳ ಗಂಡ ಭಾವುಸಾಹೇಬ. ಅದನ್ನು ಯಾವ ಮಾತೂ ಅಳಿಸುವುದಿಲ್ಲ, ನಾನು ಅಳಿಸಲು ಹೋಗುವುದೂ ಇಲ್ಲ. ಆದರೆ ಈ ಅರ್ಜಿಯ ವಿಚಾರಣೆಗೆ ಪೊಲೀಸರು ಅವಳ ಮನೆಗೆ ಹೋಗಿದ್ದರು. ಏನು ಹೇಳಿದಳೆಂದು ಅವಳೇ ಬೇಲಿಯ ಹತ್ತಿರ ಬಂದು ವೈನಿಗೆ ಹೇಳಿದ್ದಾಳೆ: "ಅಂವಾ ಒಳಗಿದ್ರ ನನ್ನ ಗಂಡ ಎದ್ದ ಬರತಾನೇನ? ತಾಯಿ ಮುಖಾ ನೋಡಿ ಹೋಗಲಿ ಅಂದೀನಿ. ಆದ್ರ ನನ್ನ ಬದುವಿನ ಮ್ಯಾಲ ಕಾಲ ಇಡಬ್ಯಾಡ ಅನ್ರಿ." ಹೊಲದಲ್ಲಿ ಆಕಾಶ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಆ ಬದುವಿನ ಪಕ್ಕದ ಬಾವಿಯ ಕಡೆಯೇ. ದುರ್ಬೀನನ್ನು ಅಲ್ಲಿ ಇಡುವುದಿಲ್ಲ. ಎತ್ತಿಕೊಂಡು ಹೋಗುವಂಥದ್ದನ್ನೇ ಕೊಂಡದ್ದು ಒಳ್ಳೆಯದಾಯಿತು. ಎಳ್ಳಮವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಬುತ್ತಿ ಉಂಡು, ಕತ್ತಲಾಗುವವರೆಗೆ ಶೆಡ್ಡಿನ ಈ ಕಡೆಯೇ ಕೂಡೋಣ. ನಿನ್ನ ಕಿಟಕಿಯ ಆ ಚುಕ್ಕಿ ಯಾವ ಕಡೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಈಗಿನಿಂದಲೇ ಗುರುತು ಇಟ್ಟುಕೋ. ಅದರ ಸುತ್ತ ಏನೇನಿದೆ ಎಂದು ಹೊರಗೆ ಬಂದು ನೋಡೋಣ. ವೈನಿ ಇನ್ನೂ ನೋಡಿಲ್ಲ. ಪೆರೋಲಿನ ಕಾಗದ ಈ ವಾರ ನಿನ್ನ ಮುಂದೆ ಬರುತ್ತದೆ. ಸಹಿ ಮಾಡು ದಾದಾ.