ಆ ಅಂಗಿಯನ್ನು ಸುಡಿಸಿದವಳು ನಾನೇ

ಗೌನಿಪಲ್ಲಿಯ ಅತ್ತೆಯವರಿಗೆ, ಕೋಲಾರದಿಂದ ಸೊಸೆ ರಜನಿಯ ನಮಸ್ಕಾರ.

ನೀವು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಸುನಂದಳ ಕೈಲಿ ಓದಿಸಿ. ಮಗಳ ಕೂಸಿನ ಅಂಗಿಯನ್ನು ಸೊಸೆ ಕದ್ದುಕೊಂಡು ಹೋದಳು ಎಂದು ಊರಿಗೆಲ್ಲ ಹೇಳಿದ್ದೀರಂತೆ. ಸುಳ್ಳೇನಲ್ಲ. ಭಾನುವಾರ ನಿಮ್ಮ ಹಿತ್ತಲಿನ ತಂತಿಯಿಂದ ಅದನ್ನು ತೆಗೆದುಕೊಂಡು ಬಸ್ಸು ಹತ್ತಿದವಳು ನಾನೇ. ಆಸ್ಪತ್ರೆಯಲ್ಲಿ ಸುಡಲು ಕಳಿಸುವ ಹಳದಿ ಚೀಲಕ್ಕೆ ಹಾಕಿದವಳೂ ನಾನೇ. ಕ್ಷಮೆ ಕೇಳಲು ಬರೆಯುತ್ತಿಲ್ಲ.

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸಬಾರದು, ಚೆನ್ನಾಗಿ ಬೆಳೆದ ಮಗುವಿನ ಹಳೆಯದನ್ನೇ ಹಾಕಬೇಕು ಎನ್ನುವುದು ನನ್ನ ತವರಿನ ಪದ್ಧತಿಯೂ ಹೌದು. ನಾನೂ ಯಾರದೋ ಹಳೇ ಅಂಗಿಯಲ್ಲಿ ಬೆಳೆದವಳೇ. ಆದರೆ ಸುನಂದ ದಿನ ತುಂಬುವ ಮೊದಲೇ ಹೆತ್ತಳು. ನಿಮ್ಮ ಮೊಮ್ಮಗ ನಮ್ಮ ಆಸ್ಪತ್ರೆಯ ಎಳೆಕೂಸುಗಳ ವಾರ್ಡಿನಲ್ಲಿ ಮಲಗಿದ್ದ, ಅಂಗೈಯಷ್ಟಿದ್ದ. ಅಲ್ಲಿ ಹೆಂಗಸರ ಕೈಯಿಂದ ಕೈಗೆ ಒಂದು ತಿಳಿಹಸಿರು ಅಂಗಿ ಓಡಾಡುತ್ತಿತ್ತು. ಅದನ್ನು ತೊಟ್ಟ ಕೂಸು ಹುಷಾರಾಗಿ ಮನೆಗೆ ಹೊರಟರೆ ತಾಯಿ ಅದನ್ನು ಪಕ್ಕದ ಹಾಸಿಗೆಗೆ ಕೊಟ್ಟು ಹೋಗುತ್ತಿದ್ದಳು. ನೀವು ಅದನ್ನು ಬೇಡಿ ತಂದಿರಿ. "ಗೆದ್ದಿರೋ ಅಂಗಿ ಕಣೇ ಇದು," ಎಂದು ಸುನಂದಳಿಗೆ ಹೇಳಿ, ನರ್ಸ್ ಅತ್ತ ತಿರುಗಿದಾಗ ತೊಡಿಸಿದಿರಿ.

ಆಮೇಲೆ ಪಾಪು ಹಾಲು ಬಿಟ್ಟ, ಮೈ ತಣ್ಣಗಾಯಿತು. ನರ್ಸ್ ಅಂಗಿ ಬಿಚ್ಚಿ ನಿಮ್ಮ ಕೈಗೆ ಕೊಟ್ಟರು, ರಕ್ತವನ್ನು ನಾನು ಕೆಲಸ ಮಾಡುವ ಲ್ಯಾಬಿಗೆ ಕಳಿಸಿದರು. ನಾವು ತಟ್ಟೆಯಲ್ಲಿ ರೋಗಾಣು ಬೆಳೆಸಿ, ಮೇಲೆ ಔಷಧದ ಪುಟ್ಟ ಬಿಲ್ಲೆಗಳನ್ನು ಇಡುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ಜಾಗ ಉಳಿಯುತ್ತದೆ. ಪಾಪುವಿನ ತಟ್ಟೆಯಲ್ಲಿ ರೋಗಾಣು ಬಿಲ್ಲೆಗಳ ಅಂಚಿನವರೆಗೂ ಹುಲುಸಾಗಿ ಬೆಳೆದಿತ್ತು. ಆ ರೋಗಾಣು ಒಂದು ಕಿಣ್ವವನ್ನು ತಯಾರಿಸುತ್ತದೆ ಅತ್ತೆ. ನಾವು ಕೊಡುವ ದೊಡ್ಡ ದೊಡ್ಡ ಔಷಧಗಳನ್ನೂ ಅದು ತುಂಡರಿಸಿ ಹಾಕುತ್ತದೆ. ಸಾಲದ್ದಕ್ಕೆ, ಆ ಕಿಣ್ವ ಮಾಡುವ ವಿದ್ಯೆಯನ್ನು ಒಂದು ರೋಗಾಣು ಪಕ್ಕದ ರೋಗಾಣುವಿಗೂ ದಾಟಿಸುತ್ತದೆ, ವಾರ್ಡಿನ ಹೆಂಗಸರು ಅಂಗಿ ದಾಟಿಸಿದ ಹಾಗೆಯೇ.

ಅದು ಅಂಗಿಯಿಂದಲೇ ಬಂತೆಂದು ಆಣೆ ಮಾಡಲಾರೆ. ನಮ್ಮ ಆಸ್ಪತ್ರೆಯವರ ತೊಳೆಯದ ಕೈಯಿಂದಲೂ ಬಂದಿರಬಹುದು. ಅದನ್ನು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದೇನೆ, ದೊಡ್ಡ ಡಾಕ್ಟರು ಮುಖ ಗಂಟು ಹಾಕಿಕೊಂಡದ್ದನ್ನೂ ನೋಡಿದ್ದೇನೆ. ನಿಮ್ಮೊಬ್ಬರ ಮೇಲೇ ಜೋರು ಮಾಡುವವಳಲ್ಲ ನಾನು.

ಕೊನೆಗೆ ಉಳಿದದ್ದು ಒಂದು ಹಳೆಯ ಔಷಧ, ಮೂತ್ರಪಿಂಡಕ್ಕೇ ಪೆಟ್ಟು ಕೊಡಬಹುದಾದದ್ದು. ಅದನ್ನೇ ಕೊಟ್ಟರು. ನೀವು ವಾರ್ಡಿನ ಹೊರಗೆ ನೆಲದ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಿದ್ದಿರಿ. ನನ್ನ ತಾಯಿಯೂ ಎಂದೂ ಹಾಗೆ ಹಿಡಿದಿರಲಿಲ್ಲ. ಪಾಪು ಉಳಿದ. ಔಷಧದಿಂದ ಉಳಿದ, ತನ್ನ ಹಟದಿಂದ ಉಳಿದ. ನೀವು ಮಾತ್ರ ಅಂಗಿ ಉಳಿಸಿತು ಎಂದಿರಿ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಸಾವಿನ ಬಾಯಿಂದ ಬಂದ ಕೂಸಿನ ಅಂಗಿ ಎಂದು ಅದಕ್ಕೀಗ ಇನ್ನೂ ಬೇಡಿಕೆ. ಲಕ್ಕೂರಿನ ಮುನಿಲಕ್ಷ್ಮಿಯವರ ಮೊಮ್ಮಗಳು ಅದೇ ವಾರ್ಡಿನಲ್ಲಿದ್ದಾಳೆ, ನಮ್ಮ ಪಾಪುವಿಗಿಂತ ಸಣ್ಣವಳು. "ಪಾಪಂ, ಅತ್ಕೊಂಡು ಕೇಳಿದ್ರು, ಮಾತು ಕೊಟ್ಬಿಟ್ಟೆ. ಬಿಸಿನೀರಲ್ಲಿ ಕುದಿಸಿದೀನಲ್ಲ, ಇನ್ನೇನು?" ಎಂದಿರಿ. ಕುದಿಸಿದ್ದು ನಮ್ಮ ಮನೆಗೆ ಸಾಕಿರಬಹುದು. ಆ ರೋಗಾಣು ಮೆತ್ತಿದ್ದ ಬಟ್ಟೆ ಮತ್ತೆ ಆ ವಾರ್ಡಿನ ಬಾಗಿಲು ದಾಟಲು ನಾನು ಬಿಡುವುದಿಲ್ಲ. ನಿಮ್ಮ ಮಾತು ಮುರಿದರೂ ಸರಿ, ನೀವು ನನ್ನ ಮುಖ ನೋಡದಿದ್ದರೂ ಸರಿ. ಇನ್ನೊಂದು ಅಂಗಿ ಬಂದರೆ ಅದನ್ನೂ ಸುಡಿಸುತ್ತೇನೆ.

ಹೊಸ್ತಿಲು ತುಳಿಯಬೇಡ ಎಂದು ನಿಮ್ಮ ಮಗನ ಹತ್ತಿರ ಹೇಳಿ ಕಳಿಸಿದ್ದೀರಿ. ನಾಮಕರಣಕ್ಕೆ ಬಂದೇ ಬರುತ್ತೇನೆ. ಕೈ ತೊಳೆದುಕೊಂಡು ಪಾಪುವನ್ನು ಎತ್ತಿಕೊಳ್ಳುತ್ತೇನೆ, ನಿಮ್ಮ ಕೈಯನ್ನೂ ತೊಳೆಸುತ್ತೇನೆ.

ಮುನಿಲಕ್ಷ್ಮಿಯವರು ಅಂಗಿ ಕೇಳಿದರೆ ನನ್ನ ಹೆಸರು ಹೇಳಿ. ಬೈದರೆ ಬೈಯಲಿ. ಆ ಹೆಣ್ಣುಕೂಸು ನೂರು ವರ್ಷ ಬಾಳಲಿ, ಬೆಳೆದು ದೊಡ್ಡವಳಾಗಿ ತಾನೂ ಬಂದು ನನ್ನನ್ನು ಬೈಯಲಿ.

ನಿಮ್ಮ ಮಾತು ಕೇಳದ ಸೊಸೆ,
ರಜನಿ