ಲೋಕಯ್ಯಣ್ಣನ ಕೈ ಈಗ ಏಳುವುದಿಲ್ಲ

ಬಂದರಿನ ಕಲ್ಲಿದ್ದಲು ಧಕ್ಕೆಯ ಮುಖ್ಯಸ್ಥರೇ,

ನಮ್ಮ ಲೋಕಯ್ಯಣ್ಣ ನಿಮ್ಮ ಮಾತನ್ನು ನಂಬಿದರು. ನಂಬಿದ್ದಕ್ಕೆ ಅವರಿಂದ ಕ್ಷಮಾಪಣೆ ಬರೆಸಿಕೊಂಡಿರಿ. ನನ್ನ ದೂರು ಇಷ್ಟೇ.

"ಹಸಿರು ಧಕ್ಕೆ ಸಪ್ತಾಹ" ನೆನಪುಂಟಲ್ಲ? ನಮಗೆಲ್ಲ ಹಸಿರು ಟಿ-ಶರ್ಟ್ ಹಂಚಿದಿರಿ, ಇಂಗ್ಲಿಷಿನಲ್ಲಿ ಪ್ರಮಾಣವಚನ ಬೋಧಿಸಿದಿರಿ. ಅರ್ಥವಾಗದವರೂ ಬಲಗೈ ಎತ್ತಿದೆವು, ನೀವು ಫೋಟೋ ತೆಗೆಸಿದಿರಿ. ಕೊನೆಗೆ ಮೈಕಿನಲ್ಲಿ ನಿಮ್ಮ ಬಾಯಿಂದಲೇ ಬಂತು: "ಧೂಳು ಎದ್ದರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು. ಇದು ನಿಮ್ಮ ಧಕ್ಕೆ." ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ ಇಪ್ಪತ್ತೆರಡು ವರ್ಷ ಧಿಕ್ಕಾರ ಕೂಗಿದ ನಾನೂ ಅವತ್ತು ಚಪ್ಪಾಳೆ ತಟ್ಟಿದೆ.

ಲೋಕಯ್ಯಣ್ಣ ಸಿಗ್ನಲ್‌ಮ್ಯಾನ್. ಅವರು ಕೆಳಗೆ ನಿಂತು ಕೈಸನ್ನೆ ಮಾಡಬೇಕು, ಅದನ್ನು ನೋಡಿ ಕ್ರೇನಿನ ಹಿತೇಶ್ ಹಡಗಿನಿಂದ ಕಲ್ಲಿದ್ದಲು ಎತ್ತಬೇಕು. ಗಾಳಿ ನೋಡಲಿಕ್ಕೆ ಅವರು ಕಂಬಕ್ಕೆ ಮೈ ಒರೆಸುವ ತಮ್ಮ ಹಳೆಯ ಬೈರಾಸು ಕಟ್ಟಿದ್ದರು. ಅದು ಪೂರ್ವಕ್ಕೆ ಹಾರಿತೆಂದರೆ ಗಾಳಿ ಕಡಲಿನದ್ದು, ಧೂಳು ಹೋಗುವುದು ಗೋಡೆಯಾಚೆಯ ಅಂಗನವಾಡಿಗೆ. ಸಪ್ತಾಹ ಮುಗಿದ ಮೂರನೇ ದಿನ, ಮಕ್ಕಳಿಗೆ ಊಟ ಬಡಿಸುವ ಹೊತ್ತಿಗೇ ಬೈರಾಸು ಪೂರ್ವಕ್ಕೆ ಹಾರಿತು. ನಿಲ್ಲಿಸು ಎಂದು ಲೋಕಯ್ಯಣ್ಣ ಕೈ ಎತ್ತಿದರು. ಕ್ರೇನ್ ನಿಂತಿತು. ಬರೇ ನಲ್ವತ್ತು ನಿಮಿಷ. ಮಕ್ಕಳು ಬಿಳಿ ಅನ್ನ ಉಂಡು ಎದ್ದರು.

ಮರುದಿನ ನೋಟಿಸ್: "ಅನಧಿಕೃತ ಸ್ಥಗಿತ." ಪ್ರಮಾಣವಚನಕ್ಕೆ ಎತ್ತಿದ ಕೈಗೆ ಫೋಟೋ, ಅದೇ ಕೈ ವಚನ ಪಾಲಿಸಿದರೆ ನೋಟಿಸೇ ಮಾನ್ಯರೇ? ನಿಮ್ಮ ಹಸಿರು ಇದ್ದದ್ದು ಟಿ-ಶರ್ಟಿನ ಬಟ್ಟೆಯಲ್ಲಿ ಮಾತ್ರವಾ?

ಆಮೇಲಿನದನ್ನು ಹೇಳಲಿಕ್ಕೆ ನನಗೇ ನಾಚಿಕೆ. ತಪ್ಪೊಪ್ಪಿಗೆ ಕೊಟ್ಟರೆ ಕೆಲಸ, ಇಲ್ಲದಿದ್ದರೆ ಮನೆ ಎಂದರಂತೆ ನಿಮ್ಮ ಮ್ಯಾನೇಜರು. ಲೋಕಯ್ಯಣ್ಣ ಸಂಘದ ಕಚೇರಿಗೆ ಬಂದರು.

"ರಮ್ಲಕ್ಕ, ನನ್ನ ಕನ್ನಡ ಆಫೀಸಿಗೆ ಆಗ್ಲಿಕ್ಕಿಲ್ಲ. ನೀವೇ ಬರೀರಿ."

"ಹೋರಾಡುವ, ಲೋಕಯ್ಯಣ್ಣ," ಎಂದೆ.

"ನನಗೆ ರಿಟೈರಿಗೆ ಹದಿನಾಲ್ಕು ತಿಂಗಳು ಉಂಟು ಅಷ್ಟೆ. ನಿಮ್ಮ ಹೋರಾಟ ಎಂತ, ನಾಳೆಯೂ ಇರ್ತದೆ."

ನಾನು ಬರೆದೆ. "ಇನ್ನು ಮುಂದೆ ನಾನಾಗಿ ಕೆಲಸ ನಿಲ್ಲಿಸುವುದಿಲ್ಲ." ಅವರು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ನನಗೇ ಥ್ಯಾಂಕ್ಸ್ ಹೇಳಿದರು.

ಕಳೆದ ಗುರುವಾರ ಮಧ್ಯಾಹ್ನ ಬೈರಾಸು ಮತ್ತೆ ಪೂರ್ವಕ್ಕೆ. ಲೋಕಯ್ಯಣ್ಣನ ಕೈ ಏಳಲಿಲ್ಲ. ಹಿತೇಶ್ ಮೇಲಿನಿಂದ ಕೂಗಿದ: "ಎಂತ ಲೋಕಯ್ಯಣ್ಣ, ಕೈಗೆ ವಾತವಾ?"

"ಕೈಯನ್ನು ಆಫೀಸಿಗೆ ಬರೆದು ಕೊಟ್ಟಾಯ್ತು ಮಾರಾಯ. ನೀನು ಕಲ್ಲಿದ್ದಲು ಎತ್ತು."

ಕ್ರೇನ್ ನಿಲ್ಲಲಿಲ್ಲ. ಹೊಸದಾಗಿ ಸೇರಿದವರು ಸುತ್ತ ನಿಂತು ನೋಡಿದರು, ಕಲಿಯಬೇಕಾದದ್ದನ್ನು ಕಲಿತರು. ಸಂಜೆ ಲೋಕಯ್ಯಣ್ಣ ಬೈರಾಸು ಬಿಚ್ಚಿ, ಮಡಚಿ, ಬುತ್ತಿಚೀಲಕ್ಕೆ ಹಾಕಿಕೊಂಡರು. ಗೇಟಿನಲ್ಲಿ ನಾನು ನಿಂತಿದ್ದೆ. ಅವರು ನನ್ನ ಮುಖ ನೋಡಲಿಲ್ಲ.

ನೌಕರರ ಮನೋಭಾವ ಬದಲಿಸಲು ಹೊರಗಿನಿಂದ ತರಬೇತುದಾರರನ್ನು ಕರೆಸುತ್ತೀರಂತೆ. ಬದಲಾಗಿತ್ತು ಸ್ವಾಮಿ! ಕೈ ಎತ್ತಿ ನಿಂತಿತ್ತು. ಅದನ್ನು ಇಳಿಸಿದ್ದು ನೀವು, ಇಳಿಸಲಿಕ್ಕೆ ಅಕ್ಷರ ಕೊಟ್ಟದ್ದು ನಾನು.

ತರಬೇತಿ ಬೇಡ. ಆ ಕಾಗದವನ್ನು ಹಿಂದಕ್ಕೆ ಕೊಡಿ. ಅದೇ ಧಕ್ಕೆಯಲ್ಲಿ, ಅದೇ ಮೈಕಿನಲ್ಲಿ, ಎಲ್ಲರೆದುರು ಲೋಕಯ್ಯ ಮಾಡಿದ್ದು ಸರಿ ಎಂದು ಹೇಳಿ. ಬೈರಾಸು ಮತ್ತೆ ಕಂಬ ಏರುತ್ತದೆಯೋ ಗೊತ್ತಿಲ್ಲ. ಅವರನ್ನು ಕೇಳುವ ಮುಖ ನನಗಿಲ್ಲ.

ಇಂತಿ,
ನಿಮಗೆ ಬೇಕಾದ ಹಾಗೆಯೇ ಕ್ಷಮಾಪಣೆ ಬರೆದುಕೊಟ್ಟ
ರಮ್ಲಾ, ಜೆಪ್ಪು